ಮನೆಯವರನ್ನು ಬಿಟ್ಟು ಮೂವರು

ಚಾಮರಾಜಪೇಟೆಯ ಆ ರಸ್ತೆಗೆ ಮತ್ತೆ ಕಾಲಿಡಬಾರದು ಎಂದುಕೊಂಡೇ ಇದ್ದೆ. ಆದರೆ ಅಮ್ಮನ ಕನ್ನಡಕದ ಅಂಗಡಿ ಅಲ್ಲೇ ಇದೆ. ಬೇರೆ ಅಂಗಡಿಯ ಕನ್ನಡಕ ಹಾಕಿಕೊಂಡರೆ ಅಮ್ಮನಿಗೆ ಕಣ್ಣೇ ಕಾಣುವುದಿಲ್ಲವಂತೆ. ಹೋದ ವಾರ ಅದನ್ನು ತರಲು ಹೋಗಿದ್ದೆ. ಅಂಗಡಿ ದಾಟಿ ಅಡ್ಡರಸ್ತೆಗೆ ತಿರುಗುತ್ತಿದ್ದಂತೆ ಘಾಟು ಮೂಗಿಗೆ ಬಡಿಯಿತು. ಹುರಿದ ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯ, ಇಂಗು. ಸೀನಿದೆ. ಒಂದು ಸೀನಿಗೆ ನಿಲ್ಲಲಿಲ್ಲ, ಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡುವಷ್ಟು ಸೀನಿದೆ. ಮೂಗು ಒರೆಸಿಕೊಂಡೆ, ಕಣ್ಣನ್ನೂ ಒರೆಸಿಕೊಂಡೆ. ಖಾರಕ್ಕೆ ಎಂದು ನೋಡಿದವರು ಅಂದುಕೊಳ್ಳಲಿ ಬಿಡಿ.

ಆ ಘಾಟಿನಲ್ಲಿ ನಾನು ಒಂದು ವರ್ಷ ಕೂತು ಕೆಲಸ ಮಾಡಿದ್ದೇನೆ. ಹಿಟ್ಟಿನ ಮಿಲ್ಲಿನ ಮೇಲಿನ ಕೋಣೆಯಲ್ಲಿ ನಾನೂ ಹರ್ಷನೂ ಸೇರಿ ಒಂದು ಆಪ್ ಕಟ್ಟುತ್ತಿದ್ದೆವು. ಅದೀಗ ಸತ್ತುಹೋಗಿದೆ. ಸತ್ತಿದೆ ಎನ್ನುವುದಕ್ಕೆ ನನಗೇನೂ ಸಂಕೋಚವಿಲ್ಲ, ಹೆತ್ತವಳು ನಾನೇ. ಯಾರ ಫೋನಿನಲ್ಲೂ ಅದು ಉಳಿದಿಲ್ಲ, ನನ್ನದೊಂದನ್ನು ಬಿಟ್ಟು. ಅದನ್ನು ನಾನು ಯಾಕೆ ಅಳಿಸಿಲ್ಲ ಎನ್ನುವುದೇ ಈ ಬರಹ.

ಶುರುವಾದದ್ದು ಸಿಟ್ಟಿನಿಂದ. ನಾನು ಮಾಡುವ ಕೆಲಸಗಳಲ್ಲಿ ಮುಕ್ಕಾಲು ಪಾಲು ಹಾಗೇ ಶುರುವಾಗುತ್ತವೆ. ಗಂಡನನ್ನು ಬಿಟ್ಟು ಬಸವನಗುಡಿಯ ತಾಯಿಯ ಮನೆಗೆ ಬಂದ ಹೊಸತು. ವಕೀಲರಿಗೆ ಒಂದು ಮೆಸೇಜು ಕಳಿಸಿದ್ದೆ, ಅಷ್ಟೇ. ಮಾರನೆಯ ದಿನದಿಂದ ಫೋನು ನನಗೆ ಎರಡನೇ ಮದುವೆಯ ಜಾಹೀರಾತು ತೋರಿಸಲು ಹಿಡಿಯಿತು. 'ನಿಮಗೂ ಒಂದು ಹೊಸ ಬಾಳು' ಎಂದು ಸೂಟು ಹಾಕಿದ ಗಂಡಸೊಬ್ಬ ನಗುತ್ತಿದ್ದ. ಮೊದಲನೆಯವನಿಂದಲೇ ಇನ್ನೂ ಬಿಡುಗಡೆಯಾಗಿಲ್ಲ, ಇವನ್ಯಾವನು ಮಧ್ಯೆ? ಆಫೀಸಿನಲ್ಲಿ ಪಕ್ಕದ ಮೇಜಿನ ಹರ್ಷನಿಗೆ ತೋರಿಸಿದೆ. ಅವನು ನನಗಿಂತ ಬಹಳ ಚಿಕ್ಕವನು, ಗಡ್ಡ ಬಿಟ್ಟಿದ್ದರೂ ಮುಖದಲ್ಲಿ ಇನ್ನೂ ಕಾಲೇಜಿನ ಕಳೆ. "ಮಧ್ಯದಲ್ಲಿ ನಮ್ಮ ಮಾತು ಕೇಳಿಸ್ಕೊಳ್ತಾ ಒಬ್ಬ ಕೂತಿದಾನಲ್ಲ ಅಕ್ಕಾ, ಅವನೇ ಇರಬಾರ್ದು. ಮಧ್ಯದಲ್ಲಿ ಯಾರೂ ಇಲ್ದೆ ಇರೋದನ್ನ ನಾವೇ ಮಾಡೋಣ," ಎಂದ. ಇಬ್ಬರೂ ಕೆಲಸ ಬಿಟ್ಟೆವು. ಅಮ್ಮ ಹಣೆ ಚಚ್ಚಿಕೊಂಡಳು. "ಗಂಡನ್ನೂ ಬಿಟ್ಟೆ, ಕೆಲಸಾನೂ ಬಿಟ್ಟೆ, ಇನ್ನೇನು ಉಳ್ಸಿದೀಯ ಬಿಡೋಕೆ?" ಎಂದು ಕೇಳಿದಳು.

ನಾವು ಮಾಡಿದ್ದು ಇಷ್ಟು. ನೀವು ಆಡಿದ ಮಾತಿಗೆ ನಿಮ್ಮ ಫೋನಿನಲ್ಲೇ ಬೀಗ ಬೀಳುತ್ತದೆ. ಬೀಗ ಬಿದ್ದ ಗಂಟು ಯಾವ ಕಂಪನಿಯ ಕಂಪ್ಯೂಟರಿಗೂ ಹೋಗುವುದಿಲ್ಲ, ಆಪ್ ಬಳಸುವ ಅಕ್ಕಪಕ್ಕದವರ ಫೋನುಗಳಲ್ಲೇ ಹಂಚಿ ಕೂರುತ್ತದೆ. ಅವರಿಂದ ಅದನ್ನು ತೆರೆಯಲಾಗದು, ಕಟ್ಟಿದ ನಮ್ಮಿಂದಲೂ ಆಗದು. ಬೀಗದ ಕೈ ಇರುವುದು ನಿಮ್ಮ ಫೋನಿನಲ್ಲಿ ಮತ್ತು ಯಾರಿಗೆ ಕಳಿಸಿದಿರೋ ಅವರ ಫೋನಿನಲ್ಲಿ ಮಾತ್ರ. ಫೋನು ಕಳೆದರೆ ಏನು ಗತಿ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಹೊಳೆದದ್ದು ನಮ್ಮ ಬೀದಿಗಳ ಹಳೆಯ ರೂಢಿ. ಊರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು ಹೋಗುತ್ತೇವಲ್ಲ, ಹಾಗೆ ಇಲ್ಲೂ ನಂಬಿಕೆಯ ಮೂವರ ಫೋನಿನಲ್ಲಿ ಆ ಬೀಗದ ಕೈಯ ಒಂದೊಂದು ತುಂಡು ಇಡುವುದು. ನಿಮ್ಮ ಫೋನು ಹೋದರೆ ಅವರಲ್ಲಿ ಇಬ್ಬರು ಹೂಂ ಎಂದರೆ ಸಾಕು, ಎಲ್ಲ ವಾಪಸು ಬರುತ್ತದೆ. ಆಪಿಗೆ 'ಪಕ್ಕದ್ಮನೆ' ಎಂದೇ ಹೆಸರಿಟ್ಟೆವು.

ಮಿಲ್ಲು ಚನ್ನಬಸಪ್ಪನವರದು. ಬೀದಿಗೆ ಮಿಲ್ಲು, ಹಿಂದೆ ಮನೆ, ಮೇಲೆ ನಮಗೆ ಬಾಡಿಗೆಗೆ ಕೊಟ್ಟ ಒಂದು ಕೋಣೆ. ಮಾರ್ಚಿನಲ್ಲಿ ಸೇರಿಕೊಂಡೆವು. ಮಳೆಗಾಲಕ್ಕೆ ಮುಂಚೆ ವರ್ಷಕ್ಕಾಗುವ ಸಾರಿನ ಪುಡಿ, ಹುಳಿ ಪುಡಿ, ಖಾರದ ಪುಡಿ ಬೀಸಿಸಿಕೊಳ್ಳಲು ಸುತ್ತಲಿನ ಹೆಂಗಸರೆಲ್ಲ ಡಬ್ಬ ಹಿಡಿದು ಬರುವ ಕಾಲ ಅದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹರ್ಷ ಮುಖಕ್ಕೆ ಒದ್ದೆ ಟವೆಲು ಕಟ್ಟಿಕೊಂಡು ಕೋಡ್ ಬರೆಯುತ್ತಿದ್ದ. ನಾನು ಸೀನಿ ಸೀನಿ ಕೀಬೋರ್ಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೆ.

ಚನ್ನಬಸಪ್ಪನವರ ಹೆಂಡತಿಯನ್ನು ಬೀದಿಯವರೆಲ್ಲ ಮಿಲ್ಲಮ್ಮ ಎನ್ನುತ್ತಿದ್ದರು. ಮಿಲ್ಲು ನೋಡಿಕೊಳ್ಳುತ್ತಿದ್ದ ಮಗ ರೇಣುಕ ಅಮ್ಮ ಎನ್ನುತ್ತಿದ್ದ, ಸೊಸೆ ಅತ್ತೆ ಎನ್ನುತ್ತಿದ್ದಳು, ಕಾಲೇಜಿಗೆ ಹೋಗುವ ಮೊಮ್ಮಗಳು ಪುಟ್ಟಿ ಅಜ್ಜಿ ಎನ್ನುತ್ತಿದ್ದಳು. ಗಂಡ ಏನೂ ಎನ್ನುತ್ತಿರಲಿಲ್ಲ. ಮಷೀನಿನ ಸದ್ದಿನಲ್ಲಿ ಕೂಗಿದರೆ ಕೇಳುವುದಾದರೂ ಹೇಗೆ? ಚನ್ನಬಸಪ್ಪನವರು ಪಕ್ಕದಲ್ಲಿದ್ದ ತಗಡಿನ ಡಬ್ಬದ ಮೇಲೆ ಎರಡು ಸಲ ಬಡಿಯುತ್ತಿದ್ದರು. ಟಣ್ ಟಣ್. ಮಿಲ್ಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬರುತ್ತಿದ್ದರು. ಮಷೀನು ನಿಂತ ಮೇಲೂ ಅದೇ ಅಭ್ಯಾಸ. ಊಟಕ್ಕೆ ಕೂತರೆ ಲೋಟ ಬಡಿಯುತ್ತಿದ್ದರು. ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಅಲ್ಲಾ ಮಿಲ್ಲಮ್ಮ, ಹೆಸರು ಹಿಡಿದು ಕರೆದ್ರೆ ಅವರಪ್ಪನ ಗಂಟೇನು ಹೋಗತ್ತೆ?"

ಅವರು ನಕ್ಕರು. "ಅಯ್ಯೋ ಹೋಗಮ್ಮ. ನಾನೇನ್ ಅವ್ರ ಹೆಸ್ರು ಹೇಳ್ತೀನಾ? ಸರಿಗೆ ಸರಿ."

ಹೆಂಗಸರು ಮಿಲ್ಲಿನ ಕ್ಯೂನಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದರಲ್ಲ, ಆಪಿಗೆ ಜನ ಸೇರಿಸಲು ಹರ್ಷ ಅವರನ್ನೇ ಹಿಡಿದ. ಮಿಲ್ಲಿನ ಮುಂದಿನ ಬೆಂಚಿನ ಮೇಲೆ ಕೂತು ಒಬ್ಬೊಬ್ಬರ ಫೋನಿಗೂ ಹಾಕಿಕೊಟ್ಟ. ಮೊದಲು ಸೇರಿದ್ದು ಮಿಲ್ಲಮ್ಮ. ಹೆಸರು ಕೇಳುವ ಜಾಗದಲ್ಲಿ ಮಿಲ್ಲಮ್ಮ ಎಂದೇ ಬರೆಸಿದರು. "ನಿಜವಾದ ಹೆಸರು ಹೇಳಿ ಅಜ್ಜಿ," ಎಂದ ಹರ್ಷ. ಅವರು ಆ ಕಡೆ ಈ ಕಡೆ ನೋಡಿ, ಏನೋ ತಪ್ಪು ಮಾಡುತ್ತಿರುವವರ ಹಾಗೆ ಮೆಲ್ಲಗೆ ಹೇಳಿದರು. ಪುಟ್ಟಿ ಬಾಯಿ ಬಿಟ್ಟಳು. "ಅಜ್ಜೀ, ನಿನ್ ಹೆಸ್ರು ಇದಾ! ಎಷ್ಟ್ ಚೆನ್ನಾಗಿದೆ!" ಮಿಲ್ಲಮ್ಮ ಅವಳ ತಲೆಗೆ ಮೊಟಕಿದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಉಳಿದ ಹೆಸರುಗಳೂ ಬೇರೆಯವೇ. ಹೋದ ವಾರ ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ ಅವರು ಹೇಳಿದ್ದು, "ಬರ್ಕೋ, ರೇಣುಕ ಪುಸ್ತಕ ಗಿಸ್ತಕ ಓದಲ್ಲ. ಹೆಸ್ರೊಂದು ಬೇಡ."

ಹೆಸರಾದ ಮೇಲೆ ಬರುತ್ತಿದ್ದದ್ದು ಬೀಗದ ಕೈಯ ಪುಟ. ಅದರಲ್ಲಿದ್ದ ವಾಕ್ಯ ಹೀಗಿತ್ತು: 'ನಿಮ್ಮ ಬೀಗದ ಕೈ ಕಾಯಲು, ಮನೆಯವರನ್ನು ಬಿಟ್ಟು, ಮೂವರನ್ನು ಆರಿಸಿ.' ಒಂದೇ ಮನೆಯ ಫೋನುಗಳೆಲ್ಲ ಒಟ್ಟಿಗೇ ಕಳ್ಳತನವಾದರೆ, ಬೆಂಕಿ ಬಿದ್ದರೆ ಕಷ್ಟ ಎಂದು ಹರ್ಷ ಯೋಚಿಸಿ ಬರೆದದ್ದು. ನಾನು ಓದಿದ್ದೆ, ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನನ್ನ ಗೆಳತಿಯೊಬ್ಬಳು ಓದಿ ಅಲ್ಪವಿರಾಮ ಹಾಕಿಕೊಟ್ಟಿದ್ದಳು. ವ್ಯಾಕರಣದಲ್ಲಿ ಒಂದು ಕೂದಲೆಳೆಯಷ್ಟು ದೋಷವಿರಲಿಲ್ಲ.

ಆ ವಾಕ್ಯ ಓದಿದ ಕೂಡಲೇ ಕ್ಯೂನಲ್ಲಿ ನಗು ಎದ್ದಿತು.

"ನೋಡ್ರೇ ಇಲ್ಲಿ, ಮನೆಯವ್ರನ್ನ ಬಿಡ್ಬೇಕಂತೆ!"

"ಬಿಟ್ಟೆ ಕಣೇ, ಇವತ್ತೇ ಬಿಟ್ಟೆ! ಯಾರಿಗ್ ಬೇಕು ತಗೊಂಡೋಗ್ಲಿ!"

ನಾನು ಆಗ ಮೆಟ್ಟಿಲ ಮೇಲೆ ನಿಂತಿದ್ದೆ. ಅವರ ನಡುವೆ ಮನೆಯವರನ್ನು ನಿಜವಾಗಿಯೂ ಬಿಟ್ಟವಳು ನಾನೊಬ್ಬಳೇ. ನನ್ನ ಮೇಲೇ ಚಟಾಕಿ ಹಾರಿಸುತ್ತಿದ್ದಾರೆ ಎಂದುಕೊಂಡು ಮುಖ ಊದಿಸಿಕೊಂಡು ಮೇಲೆ ಹೋಗಿ ಕೂತೆ. ಹರ್ಷನಿಗೋ, ಹೆಂಗಸರು ಆಪ್ ನೋಡಿ ನಗುತ್ತಿದ್ದಾರೆ ಎಂದರೆ ಆಪ್ ಗೆದ್ದಿತು ಎಂದೇ ಅರ್ಥ. ಅವರು ಯಾರ್ಯಾರನ್ನು ಆರಿಸಿದರೆಂದು ನಾವು ನೋಡಲಿಲ್ಲ. ನೋಡಬೇಕೆಂದರೂ ಕಾಣುತ್ತಿರಲಿಲ್ಲ, ಯಾರಿಗೂ ಕಾಣದ ಹಾಗೆ ಅದಕ್ಕೂ ಬೀಗ ಹಾಕಿದ್ದೆವು.

ಆ ಬೇಸಿಗೆ ಚೆನ್ನಾಗಿಯೇ ಇತ್ತು. ಇಷ್ಟು ಹೇಳಲು ನನಗೇನೂ ಕಷ್ಟವಿಲ್ಲ. ಚನ್ನಬಸಪ್ಪನವರೂ ಸೇರಿಕೊಂಡರು. ಕಿವಿ ಮಂದ, ಟೈಪು ಮಾಡಲು ಬೆರಳು ದಪ್ಪ. ಅವರಿಗೋಸ್ಕರ ಹರ್ಷ ಮೈಕಿನ ಗುಂಡಿಯನ್ನು ಪರದೆಯ ಅರ್ಧದಷ್ಟು ದೊಡ್ಡದು ಮಾಡಿದ. ಅವರು ಅದನ್ನು ಒತ್ತಿ, ಮಷೀನಿನ ಸದ್ದಿನ ನಡುವೆ ಗಿರಾಕಿಗಳಿಗೆ ಕೂಗುವ ದನಿಯಲ್ಲೇ, ತರಗುಪೇಟೆಯ ಮಂಡಿಯಿಂದ ಮನೆಗೆ ಸುದ್ದಿ ಕಳಿಸುತ್ತಿದ್ದರು. "ಮೆಣಸಿನ್ಕಾಯಿ ಬಂದಿದೆ, ಆಟೋಗೆ ಹಾಕ್ತಿದೀನಿ." ಕರೆಯುವ ಮಾತಿಲ್ಲ, ಯಾರಿಗೆ ಎಂದು ಇಲ್ಲ. ಮಿಲ್ಲಮ್ಮನ ಫೋನಿನಲ್ಲಿ ಅವರ ನಂಬರಿನ ಎದುರು 'ಮನೆಯವರು' ಎಂದು ಪುಟ್ಟಿ ಬರೆದುಕೊಟ್ಟಿದ್ದಳು.

ಶ್ರಾವಣದಲ್ಲಿ ಮಳೆ ಹಿಡಿಯಿತು, ಚನ್ನಬಸಪ್ಪನವರಿಗೆ ಉಬ್ಬಸ ಹಿಡಿಯಿತು. ಹಿಟ್ಟು, ಖಾರ ಕುಡಿದು ಕುಡಿದು ಎದೆ ಮೊದಲೇ ಸವೆದಿತ್ತಂತೆ. ಆಸ್ಪತ್ರೆಗೆ ಸೇರಿಸಿದರು, ಆಮೇಲೆ ಐಸಿಯುಗೆ ಹಾಕಿದರು. ಮಿಲ್ಲಮ್ಮನನ್ನು ಒಳಗೆ ಬಿಡುತ್ತಿರಲಿಲ್ಲ. ಬಾಗಿಲ ಹೊರಗೆ ಕೂತು ಕೂತು, ಸಾಯಂಕಾಲ ರೇಣುಕನ ಜೊತೆ ಮನೆಗೆ ಬರುತ್ತಿದ್ದರು. ನರ್ಸು ಒಬ್ಬಳು ಒಳ್ಳೆಯವಳು, ಒಳಗೆ ಚನ್ನಬಸಪ್ಪನವರ ಕೈಗೆ ಅವರ ಫೋನನ್ನು ಕೊಟ್ಟಿದ್ದಳು.

ಒಂದು ಬೆಳಿಗ್ಗೆ ಮಿಲ್ಲಮ್ಮ ನಮ್ಮ ಕೋಣೆಗೆ ಬಂದರು. ಅದುವರೆಗೆ ಆ ಮೆಟ್ಟಿಲು ಹತ್ತಿದವರಲ್ಲ, ಮಂಡಿ ನೋವು. ಹರ್ಷ ಇರಲಿಲ್ಲ. ಕುರ್ಚಿಯಲ್ಲಿ ಕೂತು ಏದುಸಿರು ಬಿಟ್ಟರು. ಕೈಯಲ್ಲಿ ಫೋನು.

"ಇವ್ರು ಏನೋ ಕಳ್ಸಿದಾರೆ," ಎಂದರು.

"ಏನಂತೆ? ಹುಷಾರಾಗಿದಾರಂತಾ?"

ಅವರು ನನ್ನ ಮುಖ ನೋಡಲಿಲ್ಲ. "ಹೆಸ್ರಿಡಿದು ಕರೆದಿದಾರೆ ಕಣಮ್ಮ."

ಆ ವಯಸ್ಸಿನಲ್ಲಿ ಅವರ ಕೆನ್ನೆ ಕೆಂಪಾಗಿತ್ತು, ನನ್ನಾಣೆ. "ಮೊದ್ಲು ಹೆಸ್ರು. ಆಮೇಲೆ ಒಂದ್ ಸ್ವಲ್ಪ ಸುಮ್ನಿದ್ರು, ಉಸ್ರು ಎಳ್ಕೊಂಡ್ರು. ಊಟ ಮಾಡ್ದ್ಯಾ ಅಂದ್ರು. ಖಾರದ ಮಷೀನ್ ಬೆಲ್ಟು ಸಡಿಲ ಆಗಿದೆ, ರೇಣುಕಂಗೆ ಹೇಳು ಅಂದ್ರು. ಅಷ್ಟೇ." ಫೋನನ್ನು ನನ್ನ ಕಡೆ ಚಾಚಿದರು. "ತಗೋ, ನೀನೂ ಕೇಳು. ಯಾರಿಗಾದ್ರೂ ಕೇಳಿಸ್ಬೇಕು ಅನ್ನಿಸ್ತು. ಮನೇಲಿ ಯಾರಿಗ್ ಕೇಳ್ಸಲಿ, ನಾಚ್ಕೆ ಆಗತ್ತೆ."

ನಾನು ಎರಡೂ ಕೈಯಲ್ಲಿ ಫೋನನ್ನು ಹಿಂದಕ್ಕೆ ತಳ್ಳಿದೆ. "ಬೇಡ ಅಮ್ಮ, ಅದು ನಿಮ್ಮಿಬ್ಬರದು. ಮೂರನೆಯವರು ಕೇಳಬಾರ್ದು ಅಂತಲೇ ನಾವಿದನ್ನ ಮಾಡಿರೋದು." ಎಷ್ಟು ಹೆಮ್ಮೆಯಿಂದ ಹೇಳಿದೆನೆಂದರೆ, ಅಂಥದ್ದೊಂದು ಮಾತಿಗಾಗಿಯೇ ಕೆಲಸ ಬಿಟ್ಟು ಬಂದ ಹಾಗೆ ಅನ್ನಿಸಿತು. ಆ ಇಡೀ ವರ್ಷದಲ್ಲಿ ನನಗೆ ಅಷ್ಟು ಖುಷಿಯಾದ ಗಳಿಗೆ ಇನ್ನೊಂದಿಲ್ಲ.

ಮಿಲ್ಲಮ್ಮ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಹಂಗಾದ್ರೆ ಯಾರಿಗೂ ಹೇಳ್ಬೇಡ. ರೇಣುಕಂಗಂತೂ ಹೇಳ್ಲೇಬೇಡ. ಬೆಲ್ಟಿನ ವಿಷಯ ನಾನ್ ಹೇಳ್ತೀನಿ."

ಗೌರಿ ಹಬ್ಬಕ್ಕೆ ಮುಂಚೆಯೇ ಚನ್ನಬಸಪ್ಪನವರು ಹೋದರು. ಮಿಲ್ಲು ಕೆಲವು ದಿನ ಮುಚ್ಚಿತ್ತು. ಆ ಮೌನದಲ್ಲಿ ನಮಗೆ ಕೆಲಸ ಮಾಡಲು ಆಗಲಿಲ್ಲ. ಮತ್ತೆ ತೆರೆದ ಮೇಲೆ ಡಬ್ಬ ಬಡಿಯುವ ಸದ್ದು ಮಾತ್ರ ಇರಲಿಲ್ಲ, ರೇಣುಕ ಬಾಯಿ ತುಂಬ ಕೂಗುವವನು. ಮಧ್ಯಾಹ್ನ ಊಟಕ್ಕೆಂದು ಮಷೀನು ನಿಲ್ಲಿಸುತ್ತಿದ್ದರು. ಆಗ ಮಿಲ್ಲಮ್ಮ ಗೋಧಿ ಮೂಟೆಗಳ ಹಿಂದೆ ಹೋಗಿ ನಿಂತು ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದುದು ನಮ್ಮ ಕಿಟಕಿಗೆ ಕಾಣುತ್ತಿತ್ತು. ಮಾತಾಡುತ್ತಿರಲಿಲ್ಲ, ಕೇಳುತ್ತಿದ್ದರು, ಅಷ್ಟೇ. ಅವರಿಗೆ ಅಷ್ಟೊಂದು ಹೊತ್ತು ಯಾರು ಫೋನು ಮಾಡುತ್ತಾರೋ ಎಂದು ಹರ್ಷನಿಗೆ ಕುತೂಹಲ. ನಾನು ಬಾಯಿ ಬಿಡಲಿಲ್ಲ.

ಸಾವಾದ ವರ್ಷ ಹಬ್ಬ ಮಾಡುವ ಹಾಗಿಲ್ಲವಲ್ಲ. ದೀಪಾವಳಿಗೆ ಆ ಮನೆಯಲ್ಲಿ ಎಣ್ಣೆ ಸ್ನಾನವಿಲ್ಲ, ಹೋಳಿಗೆಯಿಲ್ಲ, ಹೊಸ ಬಟ್ಟೆಯಿಲ್ಲ. ಬೀದಿಯೆಲ್ಲ ಪಟಾಕಿ ಹೊಡೆಯುವಾಗ ಮಿಲ್ಲಿನ ಬಾಗಿಲು ಅರ್ಧ ಎಳೆದಿತ್ತು. ರೇಣುಕ ಒಳ್ಳೆಯ ಮಗ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ, ಅವನ ಮೇಲೆ ಎಷ್ಟು ಸಿಟ್ಟಿದ್ದರೂ ಹೇಳುತ್ತೇನೆ. ಅಮ್ಮನ ಮುಖ ನೋಡಲಾರದೆ ಅವನು ಒಂದು ಉಪಾಯ ಮಾಡಿದ. ಹಬ್ಬದ ಮರುದಿನ ಮೆಟ್ಟಿಲು ಹತ್ತಿ ಬಂದವನ ಕೈಯಲ್ಲಿ ಹೊಳೆಯುವ ಹೊಸ ಫೋನಿತ್ತು.

"ಅಕ್ಕಾ, ನೋಡಿ. ಬಟ್ಟೆ ತಗೊಳೋ ಹಾಗಿಲ್ಲ, ಫೋನ್ ತಗೋಬೋದಲ್ಲ! ಎಕ್ಸ್‌ಚೇಂಜ್ ಆಫರ್ ಇತ್ತು, ಒಂದೇ ಏಟಿಗೆ ಮನೆಯವ್ರೆಲ್ಲರದ್ದೂ ಬದಲಾಯಿಸ್ಬಿಟ್ಟೆ. ಅಮ್ಮಂದು, ನಂದು, ನನ್ ಹೆಂಡ್ತೀದು, ಪುಟ್ಟೀದು. ಅಪ್ಪಂದು ಸುಮ್ನೆ ಬಿದ್ದಿತ್ತಲ್ಲ, ಅದನ್ನೂ ಹಾಕ್ಬಿಟ್ಟೆ. ಫೋಟೋ ಗೀಟೋ ಎಲ್ಲಾ ಬಂದಿದೆ. ನಿಮ್ ಆಪ್ ಒಂದೇ ಬರ್ತಿಲ್ಲ, ಅಮ್ಮ ಬೆಳಗ್ಗಿಂದ ಅದನ್ನೇ ಕೇಳ್ತಿದಾರೆ. ಒಸಿ ಹಾಕ್ಕೊಡಿ."

"ಅದಕ್ಕೇನಂತೆ, ಈಗ್ಲೇ ಹಾಕ್ಕೊಡ್ತೀನಿ," ಎಂದು ಹರ್ಷ ಎದ್ದ. ನಾನೂ ಹಿಂದೆಯೇ ಇಳಿದೆ. ಮನೆಯ ನಡುಕೋಣೆಯಲ್ಲಿ ಮಿಲ್ಲಮ್ಮ ಮೊರದಲ್ಲಿ ಕಡಲೆಬೇಳೆ ಇಟ್ಟುಕೊಂಡು ಕೂತಿದ್ದರು, ಆರಿಸುತ್ತಿರಲಿಲ್ಲ. ಹರ್ಷ ಅವರ ಪಕ್ಕ ಚಾಪೆಯ ಮೇಲೆ ಕೂತ.

"ಗಾಬರಿ ಆಗ್ಬೇಡಿ ಅಜ್ಜಿ. ಬೀಗದ ಕೈ ಮೂರು ಜನರ ಹತ್ರ ಇಟ್ಟಿದ್ರಲ್ಲ? ಇಬ್ರಿಗೆ ಹೇಳಿದ್ರೆ ಆಯ್ತು. ಯಾರ್ಯಾರು?"

"ರೇಣುಕ. ನನ್ ಸೊಸೆ. ನಮ್ ಪುಟ್ಟಿ."

ಹರ್ಷನ ಬೆರಳು ಪರದೆಯ ಮೇಲೇ ನಿಂತಿತು. "ಮನೆಯವರನ್ನ ಬಿಟ್ಟು ಅಂತ ಬರೆದಿತ್ತಲ್ಲ ಅಜ್ಜಿ!"

"ಬಿಟ್ಟಿದ್ದೆನಲ್ಲಪ್ಪ." ಮಿಲ್ಲಮ್ಮನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಅವ್ರ ಹತ್ರಾನೇ ಇಡ್ಬೇಕು ಅಂತ ನಂಗೆ ಆಸೆ ಇತ್ತು. ನೀವೇ ಮನೆಯವ್ರು ಬೇಡ ಅಂದ್ರಿ. ಅದಕ್ಕೇ ಅವ್ರನ್ನ ಬಿಟ್ಟೆ."

ಅವತ್ತು ಕ್ಯೂನಲ್ಲಿ ಎದ್ದ ನಗು ನನ್ನ ಮೇಲಲ್ಲ, ಆ ವಾಕ್ಯದ ಮೇಲೆ ಎಂದು ನನಗೆ ಆಗ ಅರ್ಥವಾಯಿತು. ಹರ್ಷನಿಗೆ ಮನೆಯವರು ಎಂದರೆ ಮನೆಯಲ್ಲಿ ಇರುವವರು. ಗಂಡನ ಹೆಸರು ಹೇಳದ ಹೆಂಗಸಿಗೆ ಮನೆಯವರು ಎಂದರೆ ಒಬ್ಬರೇ. ಅವರನ್ನು ಬಿಟ್ಟರೆ ಉಳಿದ ಮೂವರು ಯಾರು? ಮಗ, ಸೊಸೆ, ಮೊಮ್ಮಗಳು. ಅವರನ್ನು ನೋಡಿ ಆ ಮೂವರೂ, ಚನ್ನಬಸಪ್ಪನವರೂ ತಮ್ಮ ತಮ್ಮ ಬೀಗದ ಕೈಗಳನ್ನು ಮನೆಯೊಳಗೇ ಒಬ್ಬರು ಇನ್ನೊಬ್ಬರ ಹತ್ತಿರ ಇಟ್ಟಿದ್ದರು. ಎಲ್ಲ ಫೋನುಗಳೂ ಒಂದೇ ಚೀಲದಲ್ಲಿ ಅಂಗಡಿಗೆ ಹೋಗಿದ್ದವು. ಫೋನಿನಿಂದ ಫೋನಿಗೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ, ನಮ್ಮ ಬೀಗದ ಕೈ ಬರುವುದಿಲ್ಲ. ದಾರಿಯಲ್ಲಿ ಯಾವ ಕಂಪನಿಯ ಕೈಗೂ ಅದು ಸಿಗಬಾರದೆಂದು ನಾವೇ ತಡೆ ಹಾಕಿದ್ದೆವು.

ಆಟೋ ಹಿಡಿದು, ಗಾಂಧಿನಗರದಲ್ಲಿ ರೇಣುಕ ಫೋನು ಕೊಂಡಿದ್ದ ಅಂಗಡಿಗೆ ಓಡಿದೆವು. ಅಂಗಡಿಯ ಹುಡುಗಿ ಪಾಪ, ನಮ್ಮ ಮುಖ ನೋಡಿ ಹೆದರಿ ಮ್ಯಾನೇಜರನ್ನು ಕರೆದಳು. ಅವರು ಸಮಾಧಾನವಾಗಿಯೇ ಹೇಳಿದರು. "ಮೇಡಂ, ಹಳೇ ಫೋನ್ ತಗೊಂಡಾಗ ಅಲ್ಲೇ ನಿಮ್ಮೆದುರಿಗೇ ಎಲ್ಲಾ ಅಳಿಸ್ಬಿಡ್ತೀವಿ. ಅದು ನಿಮ್ಮ ಒಳ್ಳೇದಕ್ಕೇ ಅಲ್ವಾ? ನಿಮ್ಮ ಗುಟ್ಟು ಇನ್ನೊಬ್ರ ಕೈಗೆ ಸಿಗಬಾರ್ದಲ್ಲ." ಇಡೀ ಬೇಸಿಗೆ ನಾನು ಹೆಂಗಸರಿಗೆ ಹೇಳಿದ ಮಾತೇ ಅದು.

ಆಮೇಲೆ ಹರ್ಷ ತಾನು ಹಾಕಿದ ಬೀಗವನ್ನು ತಾನೇ ಒಡೆಯಲು ಕೂತ. ಆ ದನಿ ಎಲ್ಲೂ ಹೋಗಿರಲಿಲ್ಲ, ಅದೇ ಹೊಟ್ಟೆ ಉರಿಯುವ ವಿಷಯ. ಬೀಗ ಬಿದ್ದ ಗಂಟು ಬೀದಿಯ ಹೆಂಗಸರ ಫೋನುಗಳಲ್ಲೆಲ್ಲ ಇತ್ತು. ನನ್ನ ಫೋನಿನಲ್ಲೂ ಇತ್ತು, ಮಿಲ್ಲಮ್ಮನಿಗೂ ಅದನ್ನು ಹೇಳಿದ್ದೆ. ಊಟ ಮಾಡ್ದ್ಯಾ ಎಂದು ಕೇಳಿದ ಆ ಮಾತು ನನ್ನ ಅಂಗೈಯಲ್ಲೇ ಇತ್ತು, ಕೇಳುವ ದಾರಿ ಇರಲಿಲ್ಲ. ಹರ್ಷ ತನಗೆ ಗೊತ್ತಿದ್ದವರನ್ನೆಲ್ಲ ಕೇಳಿದ, ತನ್ನ ಕೋಡನ್ನೇ ಸಾಲು ಸಾಲಾಗಿ ಕೆದಕಿ ಎಲ್ಲಾದರೂ ತಪ್ಪು ಸಿಗಲಿ ಎಂದು ಹುಡುಕಿದ. ಕೊನೆಗೊಂದು ದಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಚೆನ್ನಾಗಿ ಕಟ್ಬಿಟ್ಟಿದೀವಿ ಅಕ್ಕಾ," ಎಂದ. "ಅದೇ ತೊಂದ್ರೆ."

"ಮುಂದೆ ಯಾವತ್ತಾದ್ರೂ?"

"ನನ್ನ ಮೊಮ್ಮಕ್ಕಳ ಕಾಲಕ್ಕೂ ಆಗಲ್ಲ." ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಆ ದೊಡ್ಡ ಮೈಕಿನ ಗುಂಡಿ ಮಾಡಿಕೊಟ್ಟವನು ಅವನೇ ಅಲ್ಲವೇ. ನಾನು ಅವನ ಬೆನ್ನು ಸವರಲೂ ಇಲ್ಲ. ನನಗೆ ಯಾರನ್ನಾದರೂ ಹಿಡಿದು ಬಯ್ಯಬೇಕಿತ್ತು, ಬಯ್ಯಲು ಯಾರೂ ಇರಲಿಲ್ಲ. ಹರ್ಷ ತಪ್ಪು ಬರೆದಿರಲಿಲ್ಲ, ಮಿಲ್ಲಮ್ಮ ತಪ್ಪು ಓದಿರಲಿಲ್ಲ, ರೇಣುಕ ಪ್ರೀತಿಯಿಂದ ಮಾಡಿದ್ದ. ಯಾರ ಪಾಪವೂ ಅಲ್ಲದ್ದಕ್ಕೆ ಬರುವ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಬೇರೆ ಇಲ್ಲ.

ರೇಣುಕನಿಗೆ ನಮ್ಮ ಒದ್ದಾಟವೇ ಅರ್ಥವಾಗಲಿಲ್ಲ. "ಬಿಡಿ ಅಕ್ಕಾ, ಯಾಕಿಷ್ಟ್ ತಲೆ ಕೆಡಿಸ್ಕೋತೀರ? ಮಂಡಿಯಿಂದ ಮೆಣಸಿನ್ಕಾಯಿ ಬಂತು ಅನ್ನೋ ಮೆಸೇಜು ತಾನೇ? ನನ್ ಮದ್ವೆ ವಿಡಿಯೋದಲ್ಲಿ ಅಪ್ಪ ಮಾತಾಡಿರೋದಿದೆ, ಅಮ್ಮಂಗೆ ಅದನ್ನೇ ಹಾಕ್ಕೊಟ್ಟಿದೀನಿ," ಎಂದ. ನಾನು ಮಿಲ್ಲಮ್ಮನ ಕಡೆ ನೋಡಿದೆ. ಅವರು ಮಗನ ಬೆನ್ನ ಹಿಂದೆ ನಿಂತು ಬೇಡ ಎಂದು ತಲೆಯಾಡಿಸಿದರು.

ಆಮೇಲೆ ಒಬ್ಬರೇ ಸಿಕ್ಕಾಗ ಅವರು ಹೇಳಿದರು. "ಅವ್ನಿಗೆ ಗೊತ್ತಾದ್ರೆ ಸಾಯೋವರ್ಗೂ ಕೊರಗ್ತಾನೆ. ಗುಟ್ಟು ಹೊರಗೋಗಲ್ಲ ಅಂತ ನಿಮ್ ಆಪ್ ಬಗ್ಗೆ ಹೇಳಿದ್ಯಲ್ಲ, ಹಂಗೇ ನೀನೂ ಇರು."

ಆಪಿನ ಕಥೆ ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಉಳಿದ ಹೆಂಗಸರೂ ಇದೇ ಮಾಡಿರುತ್ತಾರೆ ಎಂದು ಹೊಳೆದು, ಮನೆಯವರೆಂದರೆ ಗಂಡ ಮಾತ್ರವಲ್ಲ, ದಯವಿಟ್ಟು ಬೇರೆ ಮನೆಯ ಮೂವರನ್ನು ಆರಿಸಿ ಎಂದು ಎಲ್ಲರಿಗೂ ತಿಳಿಸಿದೆವು. ಅದನ್ನು ಓದಿ ಯಾರೂ ನಗಲಿಲ್ಲ. ಪಕ್ಕದ್ಮನೆಯಲ್ಲಿ ಹಾಕಿದ್ದು ಫೋನ್ ಹೋದರೆ ಪೂರ್ತಿ ಹೋಗುತ್ತಂತೆ ಎಂಬ ಸುದ್ದಿ ಎದ್ದಿತು. ಯಾವ ಕಂಪನಿಯಿಂದ ಅವರನ್ನು ಬಿಡಿಸಲು ನಾವು ಹೊರಟಿದ್ದೆವೋ ಅದರ ಗ್ರೂಪುಗಳಲ್ಲೇ ಆ ಸುದ್ದಿ ಬೀದಿಯಿಂದ ಬೀದಿಗೆ ಹರಿದಾಡಿತು. ಸಂಕ್ರಾಂತಿಯ ಹೊತ್ತಿಗೆ ಎಲ್ಲರೂ ಅಳಿಸಿ ಹಾಕಿದ್ದರು. ಕೋಣೆ ಖಾಲಿ ಮಾಡುವ ದಿನ ಕೆಳಗೆ ಮತ್ತೆ ಮೆಣಸಿನಕಾಯಿ ಬೀಸುತ್ತಿದ್ದರು. ಹರ್ಷ ಟವೆಲು ಕಟ್ಟಿಕೊಳ್ಳದೆಯೇ ವೈರುಗಳನ್ನು ಸುತ್ತಿಟ್ಟ. ಅವನೀಗ ಜಾಹೀರಾತಿನ ಕಂಪನಿಯೊಂದರಲ್ಲಿದ್ದಾನೆ, ಸೂಟು ಹಾಕಿದ ಗಂಡಸರನ್ನು ಯಾರಿಗೆ ತೋರಿಸಬೇಕೆಂದು ಲೆಕ್ಕ ಹಾಕುವ ಕೆಲಸ. ನಾವು ಮಾತಾಡಿ ಬಹಳ ದಿನವಾಯಿತು.

ನನ್ನ ಫೋನು ಈಗ ಹಳೆಯದು, ಪರದೆ ಬಿರುಕು ಬಿಟ್ಟಿದೆ. ಜಾಗ ಸಾಲದು, ಏನಾದರೂ ಅಳಿಸು ಎಂದು ದಿನಾ ಗೋಗರೆಯುತ್ತದೆ. ಫೋಟೋಗಳನ್ನು ಅಳಿಸಿದ್ದೇನೆ, ಅಮ್ಮನ ಭಜನೆಗಳನ್ನು ಅಳಿಸಿದ್ದೇನೆ. ಆ ಗಂಟನ್ನು ಮಾತ್ರ ಮುಟ್ಟಿಲ್ಲ. ಅದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ, ಗೊತ್ತಿದೆ.

ಹೋದ ವಾರ ಸೀನುತ್ತಲೇ ಮಿಲ್ಲಿನ ಒಳಗೆ ಹೋದೆ. ಮಧ್ಯಾಹ್ನವಾಗಿತ್ತು, ಮಷೀನು ನಿಂತಿತ್ತು, ರೇಣುಕ ಊಟಕ್ಕೆ ಒಳಗೆ ಹೋಗಿದ್ದ. ಮಿಲ್ಲಮ್ಮ ತಕ್ಕಡಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಇಳಿದುಹೋಗಿದ್ದರು. ಗುರುತು ಹಿಡಿದು ಕೈ ಹಿಡಿದುಕೊಂಡರು, ಅಮ್ಮನ ಬಗ್ಗೆ ಕೇಳಿದರು, ಸಾರಿನ ಪುಡಿ ಒಂದು ಪೊಟ್ಟಣ ಕಟ್ಟಿದರು. ಬರೆಯುವ ವಿಷಯ ಕೇಳಿದ್ದೂ ಆಗಲೇ. ಆಮೇಲೆ ನನ್ನ ಚೀಲದಿಂದ ಇಣುಕುತ್ತಿದ್ದ ಫೋನಿನ ಕಡೆ ನೋಡಿದರು.

"ಇನ್ನೂ ಐತಾ ಅದ್ರಲ್ಲಿ?"

"ಇದೆ ಅಮ್ಮ."

"ಯಾವತ್ತೂ ಬರಲ್ಲ ಅಲ್ವಾ?"

ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. "ಬರಲ್ಲ ಅಮ್ಮ."

ಅವರು ಪೊಟ್ಟಣದ ದಾರ ಗಂಟು ಹಾಕಿದರು. "ಈಚೆಗೆ ಮರ್ತೋಗ್ತಿದೆ ಕಣಮ್ಮ. ಏನಂದ್ರು ಅಂತ ಗೊತ್ತು. ಹೆಂಗಂದ್ರು ಅನ್ನೋದು ಮರ್ತೋಗ್ತಿದೆ." ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಒಂದ್ಸಲ ನೀನ್ ಕರಿ ನೋಡಣ. ಅವ್ರು ಹೆಸ್ರಿಡಿದು ಕರೆದಿದ್ದು ಗೊತ್ತಿರೋದು ನಿಂಗೊಬ್ಳಿಗೇ ತಾನೇ."

ನಾನು ಕರೆದೆ. ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ, ಮೂಟೆಗಳ ಹಿಂದೆ ನಿಂತು ಕೇಳುತ್ತಿದ್ದ ಹಾಗೆಯೇ ಕೇಳಿದರು.

"ಹಂಗಲ್ಲ," ಎಂದರು.

ಇನ್ನೂ ಮೆಲ್ಲಗೆ, ಉಸಿರು ಎಳೆದುಕೊಂಡು ಕರೆದೆ.

"ಹಂಗೂ ಅಲ್ಲ." ಕಣ್ಣು ತೆರೆದು ಪೊಟ್ಟಣವನ್ನು ನನ್ನ ಕೈಗಿಟ್ಟರು. "ಹೋಗ್ಲಿ ಬಿಡು. ನೀನಾದ್ರೂ ಏನ್ ಮಾಡ್ತೀಯ, ಅವತ್ತು ನೀನು ಕೇಳ್ಲೇ ಇಲ್ವಲ್ಲ."